ಪತ್ತನಾಜೆಯ ಮೊದಲು ಕಾರಿಗೊಂದು ಬೆಳಗ್ಗೆ: ಮಳೆಗಾಲದ ತಯಾರಿ ಮನೆಯಂಗಳದಲ್ಲೇ

ಕಾಸರಗೋಡಿನ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮಳೆಗಾಲದ ತಯಾರಿಗೆ ನಮ್ಮಲ್ಲಿ ಒಂದು ಗಡುವು ಇದೆ: ಪತ್ತನಾಜೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ. ಮೇ 24-25ರ ಸುಮಾರಿಗೆ ಬರುವ ಆ ದಿನದೊಳಗೆ ಸೌದೆ ಕೊಟ್ಟಿಗೆ ಸೇರಬೇಕು, ಮಾಡಿನ ಹಂಚು ಸರಿಯಾಗಬೇಕು. ಕಾರಿಗೂ ಅದೇ ಗಡುವು ಇಟ್ಟುಕೊಳ್ಳುವುದು ಒಳ್ಳೆಯದು. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1 ಆದರೂ 2025ರಲ್ಲಿ ಅದು ಮೇ 24ಕ್ಕೇ ಬಂತು. ಮಳೆ ಹಿಡಿದ ಮೇಲೆ ಗ್ಯಾರೇಜಿನಲ್ಲಿ ಸರದಿ ಸಿಗುವುದು ಕಷ್ಟ. ಮನೆಯಲ್ಲಿ ಕೆಲಸ ಮಾಡುವುದಕ್ಕೆ ಒಣ ನೆಲವೂ ಇರುವುದಿಲ್ಲ.

ಕಾರನ್ನು ಮಳೆಯಲ್ಲಿ ಓಡಲೆಂದೇ ಕಟ್ಟಿರುತ್ತಾರೆ. ಕಿಟಕಿ ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರು ಇಳಿಯುತ್ತದೆ ಎಂಬುದು ಕಂಪೆನಿಗೆ ಗೊತ್ತು, ಅದು ಹೊರಗೆ ಹೋಗುವ ದಾರಿಯನ್ನೂ ಇಟ್ಟಿರುತ್ತದೆ. ಕಾರ್ಪೆಟ್ ಒದ್ದೆ, ಮುಗ್ಗಲು ವಾಸನೆ, ಬಾಗಿಲ ಬುಡದ ತುಕ್ಕು, ಕೈಕೊಡುವ ವಿದ್ಯುತ್ ಉಪಕರಣಗಳು – ಮಳೆಗಾಲದ ಇಂಥ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಈ ದಾರಿಗಳು ಕಟ್ಟಿಕೊಂಡಾಗ. ತಿಂಗಳುಗಟ್ಟಲೆಯ ಒಣಹವೆಯಲ್ಲಿ ತರಗೆಲೆ, ಮಾವಿನ ಹೂ, ಕೆಂಪು ಧೂಳು ಎಲ್ಲ ಅಲ್ಲಿ ಸೇರಿರುತ್ತವೆ. ಹಾಗಾಗಿ ಮೊದಲು ನೋಡಬೇಕಾದ್ದು ನೀರು ಹೊರಹೋಗುವ ದಾರಿಗಳನ್ನು. ಆಮೇಲೆ ವೈಪರ್, ಟಯರ್, ಬ್ರೇಕ್, ಬ್ಯಾಟರಿ.

ಬೇಕಾಗುವ ಸಾಮಾನು

ಹೆಚ್ಚೇನಿಲ್ಲ. ಒಂದು ಟಾರ್ಚ್, ಹಳೆ ಹಲ್ಲುಜ್ಜುವ ಬ್ರಷ್, 10 ಮತ್ತು 13 ಮಿಲಿಮೀಟರ್ ಸ್ಪ್ಯಾನರ್, ಒಂದು ಬೈರಾಸು (ಟವೆಲ್), ಅಡುಗೆ ಸೋಡಾ, ಪೆಟ್ರೋಲಿಯಂ ಜೆಲ್ಲಿ, ಟಯರಿನ ಗಾಳಿ ನೋಡುವ ಗೇಜ್, ಮತ್ತು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್. ಸಾಧಾರಣ ಮಲ್ಟಿಮೀಟರ್ ದುಬಾರಿಯದ್ದಲ್ಲ, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಇದರ ಜತೆಗೆ ಹುಲ್ಲು ಹೆರೆಯುವ ಯಂತ್ರದ ನೈಲಾನ್ ದಾರ ಒಂದು ಮೀಟರಿನಷ್ಟು ಬೇಕು. ತೋಟ ಇರುವ ಮನೆಗಳಲ್ಲಿ ಇದ್ದೇ ಇರುತ್ತದೆ. ಕಟ್ಟಿದ ತೂತುಗಳನ್ನು ಬಿಡಿಸುವುದಕ್ಕೆ ಇದರಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ: ಬಾಗುತ್ತದೆ, ಆದರೆ ಮುದುಡಿ ಬೀಳುವುದಿಲ್ಲ, ರಬ್ಬರನ್ನು ತೂತು ಮಾಡುವುದೂ ಇಲ್ಲ.

ಕಾರು ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಆಗಿದ್ದರೆ ಬಾನೆಟ್ಟಿನೊಳಗೆ ಕಿತ್ತಳೆ ಬಣ್ಣದ ದಪ್ಪ ತಂತಿಗಳು ಕಾಣುತ್ತವೆ. ಅದು ಹೆಚ್ಚಿನ ವೋಲ್ಟೇಜಿನ ಗುರುತು. ಅವುಗಳ ಹತ್ತಿರ ಕೈ ಹಾಕಬಾರದು, ನೀರೂ ಹೊಯ್ಯಬಾರದು.

ಗಾಜಿನ ಬುಡದ ಕಾಲುವೆ

ಬಾನೆಟ್ ಎತ್ತಿ ಮುಂದಿನ ಗಾಜಿನ ಬುಡವನ್ನು ನೋಡಿ. ವೈಪರ್ ಕೈಗಳು ಹೊರಬರುವ ಜಾಗದಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಜಾಲರಿ ಇದೆ. ಅದರಡಿ ಕಾರಿನ ಅಡ್ಡಗಲಕ್ಕೂ ಒಂದು ತೊಟ್ಟಿ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಜಾರಿ ಬಂದು ಸೇರುವುದು ಇಲ್ಲಿಗೆ. ಎರಡೂ ತುದಿಗಳ ತೂತುಗಳಿಂದ ಮುಂದಿನ ಚಕ್ರಗಳ ಹಿಂಭಾಗದಲ್ಲಿ ನೆಲಕ್ಕೆ ಇಳಿಯುತ್ತದೆ. ಮಾಡಿನ ಅಂಚಿಗೆ ಕಟ್ಟಿದ ದಂಬೆಯ ಕೆಲಸವೇ ಇದರದ್ದೂ. ದಂಬೆಯ ಬಾಯಿಗೆ ಎಲೆ ಸಿಕ್ಕಿಕೊಂಡರೆ ನೀರು ಅಂಚು ಮೀರಿ ಗೋಡೆಗೆ ಹರಿಯುವ ಹಾಗೆ, ಇಲ್ಲಿಯೂ ತೊಟ್ಟಿ ತುಂಬಿ ಒಳಕ್ಕೆ ಉಕ್ಕುತ್ತದೆ.

ಉಕ್ಕಿದ ನೀರು ಹೋಗುವುದೆಲ್ಲಿಗೆ? ಏಸಿ ಮತ್ತು ಬ್ಲೋವರ್‌ಗೆ ಹೊರಗಿನ ಗಾಳಿ ಒಳಹೋಗುವ ಬಾಯಿ ಇದೇ ತೊಟ್ಟಿಯಲ್ಲಿದೆ. ನೀರಿನ ಮಟ್ಟ ಆ ಬಾಯಿಯಷ್ಟು ಏರಿದರೆ ಬ್ಲೋವರಿನ ಮೂಲಕ ಪಕ್ಕದ ಸೀಟಿನವರ ಕಾಲಡಿಗೆ ಇಳಿಯುತ್ತದೆ. ಬ್ಲೋವರ್ ಮೋಟರ್ ಹಾಳಾಗುತ್ತದೆ. ಕೆಲವು ಕಾರುಗಳಲ್ಲಿ ಫ್ಯೂಸ್ ಪೆಟ್ಟಿಗೆ, ಕಂಟ್ರೋಲ್ ಯೂನಿಟ್ ಕೂಡ ಡ್ಯಾಶ್‌ಬೋರ್ಡಿನಡಿಯ ಆ ಭಾಗದಲ್ಲೇ ಇರುತ್ತದೆ. ಆಗ ಬರುವ ಖರ್ಚು ದೊಡ್ಡದು, ಕಾರಣ ಮಾತ್ರ ಒಂದು ಮುಷ್ಟಿ ಎಲೆ.

ಮಾಡುವ ಕ್ರಮ ಹೀಗೆ. ಜಾಲರಿಯ ಮೇಲಿನ ಎಲೆ, ಕಡ್ಡಿಗಳನ್ನು ಕೈಯಲ್ಲೇ ಆರಿಸಿ ತೆಗೆಯಿರಿ. ನೀರು ಹೊಯ್ದು ತೊಳೆಯಲು ಹೋಗಬೇಡಿ. ಎಲ್ಲವೂ ತೂತಿನ ಬಾಯಿಗೇ ಹೋಗಿ ಕೂರುತ್ತದೆ. ತುದಿಗಳಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಕಪ್ಪು ಗೊಬ್ಬರದಂತಹ ಕೆಸರು ಕಾಣಬಹುದು. ಅದು ಕೊಳೆತ ಎಲೆ. ಬೆರಳು ಹೋಗದಿದ್ದರೆ ಹಳೆ ಚಮಚ, ಇಲ್ಲವೇ ವ್ಯಾಕ್ಯೂಮ್ ಕ್ಲೀನರಿನ ಸಪೂರ ಬಾಯಿ ಸಾಕು. ಆಮೇಲೆ ಒಂದು ಲೀಟರ್ ನೀರನ್ನು ಬಲತುದಿಗೆ ನಿಧಾನ ಹೊಯ್ಯಿರಿ. ಕೆಲವೇ ಕ್ಷಣಗಳಲ್ಲಿ ಅದು ಬಲಚಕ್ರದ ಹಿಂದೆ ಧಾರೆಯಾಗಿ ಬೀಳಬೇಕು. ತೊಟ್ಟಿಕ್ಕುತ್ತಿದ್ದರೆ ದಾರಿ ಅರ್ಧ ಕಟ್ಟಿದೆ ಎಂದು ತಿಳಿಯಿರಿ. ನೈಲಾನ್ ದಾರವನ್ನು ಮೇಲಿನಿಂದ ಬಿಟ್ಟು ತಿರುಗಿಸುತ್ತಾ ಕೆಳಕ್ಕೆ ತಳ್ಳಿ, ಮತ್ತೊಂದು ಲೀಟರ್ ಹೊಯ್ದು ನೋಡಿ. ಎಡತುದಿಗೂ ಹೀಗೆಯೇ. ಕಬ್ಬಿಣದ ಸರಿಗೆ ಬೇಡ. ಹಲವು ಕಾರುಗಳಲ್ಲಿ ತೂತಿನ ಕೊನೆಗೆ ಮೆತ್ತಗಿನ ರಬ್ಬರ್ ಬಾಯಿ ಇರುತ್ತದೆ, ಅದು ಹರಿದುಹೋಗುತ್ತದೆ.

ಸನ್‌ರೂಫ್ ಇದ್ದರೆ ಇದೇ ಕೆಲಸ ಅಲ್ಲಿಯೂ ಇದೆ. ಗಾಜನ್ನು ಪೂರ್ತಿ ತೆರೆದರೆ ಚೌಕಟ್ಟಿನ ಮೂಲೆಗಳಲ್ಲಿ ಸಣ್ಣ ತೂತುಗಳು ಕಾಣುತ್ತವೆ. ಅಲ್ಲಿಂದ ಕಂಬಗಳ ಒಳಗೆ ಕೊಳವೆಗಳು ಇಳಿಯುತ್ತವೆ. ಒಂದು ಲೋಟ ನೀರು ಹೊಯ್ದು ಕೆಳಗೆ ಬರುತ್ತದೆಯೇ ನೋಡಿ. ಕಟ್ಟಿದ್ದರೆ ಸೈಕಲ್ ಪಂಪ್, ಕಂಪ್ರೆಸರ್ ಹಚ್ಚಿ ಊದಬಾರದು. ಒತ್ತಡಕ್ಕೆ ಕೊಳವೆ ತನ್ನ ಜೋಡಣೆಯಿಂದ ಕಳಚಿಬಿದ್ದರೆ ಅದನ್ನು ಮತ್ತೆ ಕೂರಿಸಲು ಒಳಗಿನ ಹೊದಿಕೆಯನ್ನೆಲ್ಲ ಬಿಚ್ಚಬೇಕಾಗುತ್ತದೆ.

ಬಾಗಿಲು, ಡಿಕ್ಕಿ, ಕಾಲಡಿ

ಬಾಗಿಲು ತೆರೆದು ಅದರ ಕೆಳ ಅಂಚನ್ನು ಬೆರಳಲ್ಲಿ ತಡವಿ. ಎರಡೋ ಮೂರೋ ಉದ್ದನೆಯ ಸಣ್ಣ ತೂತುಗಳು ಸಿಗುತ್ತವೆ. ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಗುಡ್ಡೆಯ ಕೆಂಪು ಧೂಳು ಮೊದಲ ಮಳೆಗೆ ಜೇಡಿಯಾಗಿ ಇಲ್ಲಿ ಗಟ್ಟಿ ಕೂರುತ್ತದೆ. ಬಾಗಿಲು ತೆರೆದು ಮುಚ್ಚುವಾಗ ಒಳಗೆ ಗಳಗಳ ಸದ್ದು ಬಂದರೆ ನೀರು ನಿಂತಿದೆ ಎಂದೇ ಅರ್ಥ. ಬೆಂಕಿಕಡ್ಡಿಯನ್ನೋ ನೈಲಾನ್ ದಾರವನ್ನೋ ತೂರಿಸಿದರೆ ಸಾಕು, ತೂತು ಬಿಡುತ್ತದೆ. ನಾಲ್ಕೂ ಬಾಗಿಲು ಮುಗಿಸಲು ಐದು ನಿಮಿಷ. ಬಾಗಿಲು ಬುಡದಿಂದ ತುಕ್ಕು ಹಿಡಿಯುವುದು ತಪ್ಪುತ್ತದೆ.

ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿ ತೆಳುವಾಗಿ ಸವರಿ. ತೆಂಗಿನೆಣ್ಣೆ, ಎಂಜಿನ್ ಎಣ್ಣೆ, ಗ್ರೀಸ್ ಹಚ್ಚುವ ಅಭ್ಯಾಸ ಕೆಲವರಿಗಿದೆ. ಅವು ಧೂಳು ಹಿಡಿಯುತ್ತವೆ. ಪೆಟ್ರೋಲಿಯಂ ಮೂಲದವು ರಬ್ಬರನ್ನು ಉಬ್ಬಿಸಿ ಸಡಿಲ ಮಾಡುತ್ತವೆ.

ಡಿಕ್ಕಿಯಲ್ಲಿ ಮ್ಯಾಟ್ ಎತ್ತಿ ಸ್ಟೆಪ್ನಿಯನ್ನು ಹೊರಗೆ ತೆಗೆಯಿರಿ. ಆ ಗುಂಡಿಯಲ್ಲಿ ನೀರಿನ ಕಲೆ ಇದ್ದರೆ ನೀರು ಬಂದದ್ದು ಎಲ್ಲಿಂದ ಎಂದು ಹುಡುಕಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೊದಲು ಕೆಳಭಾಗಕ್ಕೆ, ಆಮೇಲೆ ದೀಪದ ಸುತ್ತ, ಕೊನೆಗೆ ಮೇಲಿನ ರಬ್ಬರಿಗೆ ನೀರು ಬಿಡಲಿ. ಕೆಳಗಿನಿಂದ ಮೇಲಕ್ಕೆ ಹೋಗುವುದಕ್ಕೆ ಕಾರಣವಿದೆ: ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಗೂ ಇಳಿದು ಸೋರುವ ಜಾಗ ಯಾವುದೆಂದು ಗೊತ್ತಾಗುವುದಿಲ್ಲ. ಹಿಂದಿನ ದೀಪದ ಹಿಂಬದಿಯ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಸಂದಿ ಬಿಟ್ಟಿರುವುದು ಸಾಮಾನ್ಯ.

ಮುಂದಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿದ್ದರೆ ಮೂರು ಮೂಲಗಳಲ್ಲಿ ಯಾವುದೆಂದು ಗುರುತಿಸಬಹುದು. ಮಳೆ ಬಂದಾಗ ಮಾತ್ರ ಒದ್ದೆಯಾದರೆ ಮೇಲೆ ಹೇಳಿದ ತೊಟ್ಟಿ ಅಥವಾ ರಬ್ಬರ್. ಬಿಸಿಲಿನಲ್ಲಿ ಏಸಿ ಹಾಕಿ ಓಡಿಸಿದಾಗಲೂ ಒದ್ದೆಯಾದರೆ ಏಸಿಯ ನೀರು ಹೊರಗೆ ಬಿಡುವ ಕೊಳವೆ ಕಟ್ಟಿದೆ. ನಮ್ಮ ಸೆಕೆಯಲ್ಲಿ ಏಸಿ ಹಾಕಿ ಹದಿನೈದು ನಿಮಿಷದೊಳಗೆ ಕಾರಿನಡಿ ನೀರು ತೊಟ್ಟಿಕ್ಕಲೇಬೇಕು. ಒದ್ದೆಯ ಜಾಗ ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ ಅದು ಎಂಜಿನ್ ತಣಿಸುವ ದ್ರವ, ಕೂಲಂಟ್. ಹೀಟರಿನ ಒಳಗೆ ಸೋರಿಕೆ ಇದೆ, ತಡಮಾಡದೆ ಮೆಕ್ಯಾನಿಕ್ ಹತ್ತಿರ ಒಯ್ಯಬೇಕು.

ವೈಪರ್ ಏಕೆ ಒರೆಸುವುದಿಲ್ಲ

ವೈಪರ್ ರಬ್ಬರಿನ ಅಂಚು ಗಾಜಿನ ಮೇಲೆ ಒಂದು ಬದಿಗೆ ವಾಲಿಕೊಂಡು ಹೋಗುತ್ತದೆ. ಹಿಂದಿರುಗುವಾಗ ಇನ್ನೊಂದು ಬದಿಗೆ ವಾಲಬೇಕು. ಬೇಸಗೆಯುದ್ದಕ್ಕೂ ಒಂದೇ ಭಂಗಿಯಲ್ಲಿ ಬಿಸಿಲು ಕಾದ ರಬ್ಬರ್ ಗಟ್ಟಿಯಾಗಿ ವಾಲುವ ಗುಣ ಕಳೆದುಕೊಳ್ಳುತ್ತದೆ. ಮೊದಲ ಮಳೆಗೆ ಕಿರುಗುಟ್ಟುವುದು, ಹಾರಿ ಹಾರಿ ಒರೆಸುವುದು ಅದಕ್ಕೇ.

ಗಾಜಿಗೆ ನೀರು ಚಿಮುಕಿಸಿ ವೈಪರ್ ಓಡಿಸಿ, ಉಳಿಯುವ ಗುರುತನ್ನು ಗಮನಿಸಿ. ತೆಳುವಾದ ಗೆರೆಗಳು ಉಳಿದರೆ ರಬ್ಬರಿನ ಅಂಚು ಹರಿದಿದೆ ಅಥವಾ ಹೊಯ್ಗೆ (ಮರಳು) ಸಿಕ್ಕಿದೆ. ಅಗಲವಾದ ಮಂಜಿನಂತಹ ಪಟ್ಟಿ ಉಳಿದು ಒಂದೆರಡು ಸೆಕೆಂಡಿನಲ್ಲಿ ಆರಿದರೆ ದೋಷ ಗಾಜಿನದ್ದು. ಡೀಸೆಲ್ ಹೊಗೆ, ಮರದ ಅಂಟು, ಪಾಲಿಶ್ ಸೇರಿ ಗಾಜಿನ ಮೇಲೆ ಎಣ್ಣೆಯ ಪದರ ಕಟ್ಟಿದೆ. ಒಂದೇ ದಿಕ್ಕಿನಲ್ಲಿ ಸದ್ದು ಬಂದರೆ ರಬ್ಬರ್ ಸೆಟೆದಿದೆ, ಇಲ್ಲವೇ ವೈಪರಿನ ಕೈ ತಿರುಚಿದೆ. ಯಾವಾಗಲೂ ಒಂದು ನಿರ್ದಿಷ್ಟ ಜಾಗ ಮಾತ್ರ ಒರೆಸದೆ ಉಳಿದರೆ ಬ್ಲೇಡಿನ ಬಾಗು ಗಾಜಿನ ಬಾಗಿಗೆ ಹೊಂದುತ್ತಿಲ್ಲ.

ಹೊಸ ಬ್ಲೇಡ್ ಕೊಳ್ಳುವ ಮೊದಲು ಗಾಜು ತೊಳೆಯಿರಿ. ಎಣ್ಣೆಯ ಪದರದ ಮೇಲೆ ಹೊಸ ರಬ್ಬರ್ ಕೂಡ ಕಿರುಗುಟ್ಟುತ್ತದೆ. ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕೈದು ಹನಿ ಹಾಕಿ ಸ್ಪಂಜಿನಲ್ಲಿ ಉಜ್ಜಿ, ಶುದ್ಧ ನೀರಿನಲ್ಲಿ ಎರಡು ಸಲ ತೊಳೆದು ಒರೆಸಿ. ಆಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಗಾಜನ್ನು ಸವರಿ. ಬರಿಗೈಗೆ ತಿಳಿಯದ ಒರಟು ಕೂಡ ಚೀಲದ ಮೇಲಿನಿಂದ ಸ್ಪಷ್ಟವಾಗಿ ತಿಳಿಯುತ್ತದೆ. ರಬ್ಬರಿನ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ, ಬಟ್ಟೆಗೆ ಕಪ್ಪು ಅಂಟುವುದು ನಿಲ್ಲುವವರೆಗೆ ಒರೆಸಿ. ಇಷ್ಟಾದರೂ ಸರಿಯಾಗದಿದ್ದರೆ ಬದಲಿಸಿ. ನಮ್ಮ ಬಿಸಿಲಿಗೆ ಒಂದೂವರೆ ವರ್ಷಕ್ಕಿಂತ ಹೆಚ್ಚು ಬಾಳಿದರೆ ಅದು ಒಳ್ಳೆಯ ರಬ್ಬರ್ ಎನ್ನಬೇಕು.

ಚಾಲಕನ ಬದಿಯ ಮತ್ತು ಪಕ್ಕದ ಬದಿಯ ಅಳತೆ ಸಾಮಾನ್ಯವಾಗಿ ಬೇರೆ ಬೇರೆ, ಇಂಚಿನಲ್ಲಿ ಹೇಳುತ್ತಾರೆ. ಹಳೆಯದನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ. ಬದಲಿಸುವಾಗ ವೈಪರಿನ ಕೈ ಎತ್ತಿದ ಕೂಡಲೇ ಗಾಜಿನ ಮೇಲೆ ಬೈರಾಸು ಮಡಚಿ ಇಡಿ. ಬ್ಲೇಡ್ ಇಲ್ಲದ ಕೈ ಸ್ಪ್ರಿಂಗಿನ ಬಲಕ್ಕೆ ತಟ್ಟನೆ ಬಿದ್ದರೆ ಗಾಜು ಒಡೆಯುತ್ತದೆ. ಕೊಕ್ಕೆಯ ತುದಿ ಇರುವ ಕೈಯಾದರೆ ಬ್ಲೇಡಿನ ನಡುವಿನ ಬೀಗವನ್ನು ಒತ್ತಿ, ಬ್ಲೇಡನ್ನು ಕೈಯ ಬುಡದ ಕಡೆಗೆ ಜಾರಿಸಿದರೆ ಬಿಟ್ಟುಬರುತ್ತದೆ. ಹೊಸದನ್ನು ಟಕ್ ಎಂದು ಸದ್ದಾಗುವವರೆಗೆ ಎಳೆದು ಕೂರಿಸಿ. ಬಾನೆಟ್ ಅಂಚಿನಡಿ ಅಡಗಿರುವ ವೈಪರುಗಳಾದರೆ ಬಲವಂತವಾಗಿ ಎತ್ತಬೇಡಿ. ಮೇಲಕ್ಕೆ ತಂದು ನಿಲ್ಲಿಸುವ ವಿಧಾನ ಕಾರಿನ ಕೈಪಿಡಿಯಲ್ಲಿ ಇರುತ್ತದೆ.

ಒಳಗಾಜಿನ ಮಂಜು

ಮಳೆಯಲ್ಲಿ ಮುಂದಿನ ಗಾಜು ಮಸುಕಾಗುವುದು ಎರಡು ರೀತಿ, ಪರಿಹಾರವೂ ಎರಡು ರೀತಿ. ಬೆರಳಿನಿಂದ ಒಳಗಿನಿಂದ ಉಜ್ಜಿದರೆ ಹೋಗುವ ಮಂಜು ನಮ್ಮ ಉಸಿರಿನ, ಒದ್ದೆ ಬಟ್ಟೆಯ ತೇವ ತಣ್ಣನೆಯ ಗಾಜಿಗೆ ತಗುಲಿ ಆದದ್ದು. ಏಸಿ ಹಾಕಿ, ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ಬರುವಂತೆ, ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಶನ್ ಗುಂಡಿಯನ್ನು ಆಫ್ ಮಾಡಿ. ಏಸಿ ಗಾಳಿಯ ತೇವವನ್ನು ಹಿಂಡಿ ತೆಗೆಯುವುದರಿಂದ ತಾಪಮಾನ ಬಿಸಿಗೆ ಇಟ್ಟಿದ್ದರೂ ಅದು ಕೆಲಸ ಮಾಡುತ್ತದೆ. ಹೊರಗಿನಿಂದ ವೈಪರ್ ಹಾಕಿದಾಗ ಹೋಗುವ ಮಂಜು ಬೇರೆ: ಏಸಿ ಗಾಜನ್ನು ಅತಿಯಾಗಿ ತಣ್ಣಗೆ ಮಾಡಿದ್ದಕ್ಕೆ ಹೊರಗಿನ ಒದ್ದೆ ಹವೆ ಅಂಟಿಕೊಂಡದ್ದು. ಆಗ ತಾಪಮಾನವನ್ನು ಸ್ವಲ್ಪ ಏರಿಸಿ, ಗಾಳಿಯನ್ನು ಗಾಜಿನಿಂದ ಬೇರೆ ಕಡೆಗೆ ತಿರುಗಿಸಿ.

ಗಾಳಿಯೇ ಸೋತಿದ್ದರೆ ಕ್ಯಾಬಿನ್ ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇದೆ. ಪೆಟ್ಟಿಗೆ ಖಾಲಿ ಮಾಡಿ ಎರಡೂ ಬದಿ ಒಳಕ್ಕೆ ಒತ್ತಿದರೆ ಅದು ಕೆಳಕ್ಕೆ ಬಾಗುತ್ತದೆ. ಹಿಂದಿನ ಮುಚ್ಚಳ ತೆಗೆದು ಫಿಲ್ಟರನ್ನು ಎಳೆಯಿರಿ. ಅದರ ಮೇಲಿನ ಬಾಣದ ಗುರುತು ಯಾವ ಕಡೆಗಿತ್ತೆಂದು ನೋಡಿಕೊಂಡು ಹೊಸದನ್ನೂ ಹಾಗೆಯೇ ಹಾಕಿ. ತೊಳೆದು ಮತ್ತೆ ಹಾಕುವುದು ಬೇಡ: ಕಾಗದದ ಫಿಲ್ಟರ್ ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ, ಮುಗ್ಗಲು ವಾಸನೆಗೆ ಅದೇ ಕಾರಣವಾಗುತ್ತದೆ. ಮನೆ ತಲುಪುವ ಎರಡು ಮೂರು ನಿಮಿಷ ಮೊದಲು ಏಸಿ ಆರಿಸಿ ಬ್ಲೋವರ್ ಮಾತ್ರ ಓಡಿಸಿದರೆ ಒಳಗಿನ ಸುರುಳಿ ಒಣಗಿ ವಾಸನೆ ಕಡಿಮೆಯಾಗುತ್ತದೆ.

ಟಯರ್

ಟಯರಿನ ಗೀರುಗಳು ಇರುವುದು ನೀರನ್ನು ಬದಿಗೆ ತಳ್ಳುವುದಕ್ಕೆ. ಗೀರು ಸವೆದಷ್ಟೂ ತಳ್ಳುವ ನೀರಿನ ಪ್ರಮಾಣ ಕಡಿಮೆ. ವೇಗ ಹೆಚ್ಚಿದಾಗ ತಳ್ಳಲಾಗದ ನೀರು ಟಯರಿನಡಿ ಸೇರಿ ಟಯರನ್ನೇ ಎತ್ತುತ್ತದೆ. ಆ ಕ್ಷಣ ಸ್ಟೀರಿಂಗ್ ಹಗುರವೆನಿಸುತ್ತದೆ, ಬ್ರೇಕ್ ಒತ್ತಿದರೂ ಕಾರು ಕೇಳುವುದಿಲ್ಲ. ಇದಕ್ಕೆ ಅಕ್ವಾಪ್ಲೇನಿಂಗ್ ಎನ್ನುತ್ತಾರೆ. ಹಳೆಯ ಇಕ್ಕಟ್ಟು ರಸ್ತೆಯಲ್ಲಿ ಅಷ್ಟು ವೇಗಕ್ಕೆ ಅವಕಾಶವೇ ಇರಲಿಲ್ಲ. ತಲಪಾಡಿಯಿಂದ ಚೆಂಗಳದ ಕಡೆಗಿನ ಆರು ಪಥದ ಹೆದ್ದಾರಿಯಲ್ಲಿ ಆ ಅವಕಾಶ ಇದೆ. ಟಯರ್ ಹಾಗೆ ತೇಲಿದಾಗ ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲ ತೆಗೆಯಬೇಕು, ಸ್ಟೀರಿಂಗ್ ನೇರ ಹಿಡಿಯಬೇಕು, ಬ್ರೇಕನ್ನು ಗಕ್ಕನೆ ಒತ್ತಬಾರದು.

ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡ ದಿಬ್ಬ ಇರುತ್ತದೆ, ಅದರ ಎತ್ತರ 1.6 ಮಿಲಿಮೀಟರ್. ಟಯರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರವೇ ಅದರ ಆಯುಷ್ಯ ಮುಗಿಯಿತು. ಆದರೆ ಮಳೆಗೆ 1.6 ಸಾಲದು. 3 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಜೂನ್ ದಾಟಿಸಲು ನೋಡದೆ ಮೇ ತಿಂಗಳಲ್ಲೇ ಬದಲಿಸುವುದು ಕ್ಷೇಮ. ಅದೇ ಟಯರು ಬೇಸಗೆಯಲ್ಲಿ ಇನ್ನೂ ಕೆಲವು ತಿಂಗಳು ಓಡೀತು, ಮಳೆಗಾಲದಲ್ಲಿ ಬೇಡ.

ಸವೆತದ ರೀತಿಯನ್ನೂ ಓದಿಕೊಳ್ಳಬಹುದು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ, ನಡು ಸವೆದಿದ್ದರೆ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ ತಪ್ಪಿದೆ. ಬದಿಗೋಡೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿವೆ: 1821 ಎಂದಿದ್ದರೆ 2021ರ 18ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಗೀರು ಚೆನ್ನಾಗಿದ್ದರೂ ಬಿರುಕು ಇದೆಯೇ ಎಂದು ನೋಡಿ.

ಗಾಳಿಯನ್ನು ಬೆಳಗ್ಗೆ ಕಾರು ಓಡಿಸುವ ಮೊದಲು, ಟಯರ್ ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕೆಂದು ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುತ್ತಾರೆ, ಹೆಚ್ಚಿನ ಸಣ್ಣ ಕಾರುಗಳಿಗೆ 30ರಿಂದ 35 ಪಿ.ಎಸ್.ಐ. ಟಯರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಬಾರದು. ಮಳೆಯಲ್ಲಿ ಹಿಡಿತ ಹೆಚ್ಚಲಿ ಎಂದು ಗಾಳಿ ಇಳಿಸುವುದು ತಪ್ಪು ತಿಳಿವಳಿಕೆ. ಸಡಿಲ ಟಯರಿನ ಗೀರುಗಳು ಮುಚ್ಚಿಕೊಂಡು ನೀರು ಹೊರಹಾಕುವ ಶಕ್ತಿ ಇನ್ನೂ ಕುಗ್ಗುತ್ತದೆ. ಹೊರಗೆ ತೆಗೆದಿಟ್ಟ ಸ್ಟೆಪ್ನಿಗೂ ಗೇಜ್ ಹಚ್ಚಲು ಮರೆಯಬೇಡಿ.

ಜಾಕಿ ಕೊಡುವುದಿದ್ದರೆ ಮಳೆಗೆ ನೆನೆದ ಅಂಗಳದಲ್ಲಿ ಅದರಡಿ ಗಟ್ಟಿ ಹಲಗೆ ಇಡಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಜಾಕಿಯ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ಯಾವ ಕಾರಣಕ್ಕೂ ತೂರಬಾರದು.

ಬ್ರೇಕ್: ನೋಡುವುದು ನಿಮ್ಮ ಕೆಲಸ, ಬಿಚ್ಚುವುದು ಬೇಡ

ಅಲಾಯ್ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟರೆ ಡಿಸ್ಕನ್ನು ಹಿಡಿಯುವ ಪ್ಯಾಡ್ ಕಾಣುತ್ತದೆ. ಉಕ್ಕಿನ ತಗಡನ್ನು ಬಿಟ್ಟು ಘರ್ಷಣೆಯ ಪದರ 3 ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸುವ ಸಮಯ. ರಾತ್ರಿ ಮಳೆಗೆ ನಿಂತ ಕಾರಿನ ಡಿಸ್ಕ್ ಬೆಳಗ್ಗೆ ಕೆಂಪಗಾಗಿದ್ದರೆ ಗಾಬರಿ ಬೇಡ, ಮೊದಲ ನಾಲ್ಕೈದು ಬ್ರೇಕಿಗೆ ಅದು ಉಜ್ಜಿಹೋಗುತ್ತದೆ. ಉಜ್ಜಿಹೋದ ಮೇಲೂ ಕರಕರ ಸದ್ದು ಉಳಿದರೆ ಪ್ಯಾಡ್ ಮುಗಿದಿರಬಹುದು.

ಬ್ರೇಕ್ ದ್ರವದ ವಿಷಯ ಸ್ವಲ್ಪ ವಿವರವಾಗಿ ತಿಳಿಯಬೇಕು. ಡಾಟ್ 3, ಡಾಟ್ 4 ದ್ರವಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ದ್ರವಕ್ಕೆ ಆ ಮಿತಿ 155 ಡಿಗ್ರಿ ಮಾತ್ರ. ಭಾಗಮಂಡಲದಿಂದ ಕರಿಕೆ, ಪಾಣತ್ತೂರು ದಾರಿಯಾಗಿ ಕಾಞಂಗಾಡಿಗೆ ಇಳಿಯುವಾಗ, ಅಥವಾ ಸಂಪಾಜೆ ಘಾಟಿಯಲ್ಲಿ, ಬ್ರೇಕಿನ ಮೇಲೇ ಕಾಲಿಟ್ಟು ಬಂದರೆ ಕಾವು ಅಷ್ಟಕ್ಕೆ ಏರಬಲ್ಲದು. ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ ಎನ್ನುವುದು ಇದಕ್ಕೆ. ನಮ್ಮಂತಹ ಒದ್ದೆ ಹವೆಯ ಊರಿನಲ್ಲಿ ಆ ಅವಧಿ ಮೀರಿಸಬಾರದು. ಬದಲಿಸುವ ಕೆಲಸವನ್ನು ಮಾತ್ರ ಗ್ಯಾರೇಜಿಗೆ ಬಿಡಿ, ಕೊಳವೆಯಲ್ಲಿ ಗಾಳಿ ಉಳಿದರೆ ಬ್ರೇಕ್ ಹಿಡಿಯುವುದಿಲ್ಲ. ಡಬ್ಬಿಯಲ್ಲಿ ಮಟ್ಟ ಸ್ವಲ್ಪ ಇಳಿದದ್ದು ಕಂಡ ಕೂಡಲೇ ತುಂಬಿಸಲೂ ಹೋಗಬೇಡಿ. ಪ್ಯಾಡ್ ಸವೆದಂತೆ ಮಟ್ಟ ಇಳಿಯುವುದು ಸಹಜ, ಕನಿಷ್ಠ ಗೆರೆಗಿಂತ ಕೆಳಗೆ ಹೋದರೆ ಅಥವಾ ತಟ್ಟನೆ ಇಳಿದರೆ ಸೋರಿಕೆಯ ಸಂಶಯ ಪಡಬೇಕು.

ಮಳೆಯಲ್ಲಿ ಎರಡು ಮೂರು ದಿನ ಕಾರು ಕದಲಿಸದೆ ಇಡುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಹಿಂದಿನ ಡ್ರಮ್ಮಿಗೆ ಲೈನರ್ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಮೊದಲ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಬ್ಯಾಟರಿ

ಮಳೆಗಾಲದಲ್ಲಿ ದೀಪ, ವೈಪರ್, ಬ್ಲೋವರ್ ಎಲ್ಲ ಒಟ್ಟಿಗೆ ಓಡುತ್ತವೆ. ಬೇಸಗೆಯ ಕಾವಿಗೆ ಆಗಲೇ ಸೋತಿದ್ದ ಬ್ಯಾಟರಿ ಜೂನ್‌ನಲ್ಲಿ ಕೈಕೊಡುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಬೆಳಗ್ಗೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.4 ಇದ್ದರೆ ನಡೆಯುತ್ತದೆ, 12.2ಕ್ಕಿಂತ ಕೆಳಗಾದರೆ ಚಾರ್ಜ್ ಮಾಡಿಸಿ ಪರೀಕ್ಷಿಸಬೇಕು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ದೀಪ ಮತ್ತು ಬ್ಲೋವರ್ ಹಾಕಿ ಮತ್ತೆ ನೋಡಿ: 13.8ರಿಂದ 14.5ರ ನಡುವೆ ಬಂದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆ. ಹೊಸ ಕಾರುಗಳಲ್ಲಿ ಬ್ಯಾಟರಿ ತುಂಬಿದ ಮೇಲೆ ಚಾರ್ಜಿಂಗನ್ನು ಕಾರೇ ತಗ್ಗಿಸುವುದುಂಟು, ದೀಪ ಹಾಕಿ ನೋಡಬೇಕಾದ್ದು ಅದಕ್ಕೇ.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಎಂಜಿನ್ ಆರಿಸಿ, ಕೀ ತೆಗೆದು, ಮೊದಲು ಮೈನಸ್ ಕೇಬಲ್ ಬಿಚ್ಚಿ, ಆಮೇಲೆ ಪ್ಲಸ್. ಈ ಕ್ರಮ ತಪ್ಪಿಸಬಾರದು. ಕಾರಿನ ಕಬ್ಬಿಣದ ಮೈಯೆಲ್ಲ ಮೈನಸ್. ಮೈನಸ್ ಬಿಚ್ಚದೆ ಪ್ಲಸ್ಸಿಗೆ ಸ್ಪ್ಯಾನರ್ ಹಾಕಿದಾಗ ಅದು ಕಾರಿನ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ, ಬ್ರಷ್ ಅದ್ದಿ ಉಜ್ಜಿ. ನೊರೆ ಏಳುವುದು ನಿಂತರೆ ಆಮ್ಲ ಹೋಯಿತು. ಮುಚ್ಚಳದ ತೂತಿನೊಳಕ್ಕೆ ಸೋಡಾ ನೀರು ಹೋಗದಂತೆ ನೋಡಿಕೊಳ್ಳಿ. ಒರೆಸಿ ಒಣಗಿಸಿ, ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಜೆಲ್ಲಿ ಹಚ್ಚುವುದು ಬಿಗಿದ ಮೇಲೆ, ಮೊದಲಲ್ಲ. ಕೈಯಿಂದ ತಿರುಗಿಸಿದರೆ ಕ್ಲ್ಯಾಂಪ್ ಅಲುಗಬಾರದು.

ಬಾನೆಟ್ ತೆರೆದಿರುವಾಗಲೇ ಇಲಿಯ ಹಿಕ್ಕೆ, ಕಚ್ಚಿದ ತಂತಿ, ಒಯ್ದಿಟ್ಟ ಅಡಿಕೆ ಸಿಪ್ಪೆ ಇದೆಯೇ ನೋಡಿ. ಮಳೆಗೆ ತೋಟದ ಬಿಲಗಳಲ್ಲಿ ನೀರು ನಿಂತಾಗ ಇಲಿಗಳು ಒಣ ಜಾಗ ಹುಡುಕುತ್ತವೆ. ಸೌದೆ ಕೊಟ್ಟಿಗೆಗೆ, ಅಡಿಕೆ ರಾಶಿಗೆ ತಾಗಿಸಿ ಕಾರು ನಿಲ್ಲಿಸದಿರುವುದು ಯಾವ ಔಷಧಿಗಿಂತಲೂ ಹೆಚ್ಚು ಉಪಯೋಗ.

ಅಡಿಭಾಗದ ತುಕ್ಕು

ಉಪ್ಪಳ, ಕುಂಬಳೆ, ಬೇಕಲದಂತಹ ಕಡಲ ಬದಿಯವರಿಗೆ ಉಪ್ಪು ಗಾಳಿಯ ಕಾಟ, ಬದಿಯಡ್ಕ, ಪೆರ್ಲ ಕಡೆಯವರಿಗೆ ಕೆಂಪು ಕೆಸರಿನದ್ದು. ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ, ಕೆಸರು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಕ್ರದ ಮೇಲಿನ ಕಮಾನಿನ ಒಳ ಅಂಚಿಗೆ ಬೆರಳು ಹಾಕಿದರೆ ಮಡಿಕೆಯಲ್ಲಿ ಕುಳಿತ ಮಣ್ಣು ಸಿಗುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದ. ಪೈಪ್ ಹಿಡಿದು, ಬ್ರಷ್ಷಿನಲ್ಲಿ ಆ ಮಡಿಕೆಯನ್ನು ಪೂರ್ತಿ ತೊಳೆಯಿರಿ. ಮಳೆಗಾಲದಲ್ಲೂ ಹದಿನೈದು ದಿನಕ್ಕೊಮ್ಮೆ.

ಸಣ್ಣ ತುಕ್ಕಿನ ಚುಕ್ಕೆ ಕಂಡರೆ ಹೊಳೆಯುವ ಲೋಹ ಕಾಣುವವರೆಗೆ ಮರಳುಕಾಗದದಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣ. ತುಕ್ಕಿನ ಮೇಲೆಯೇ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸುವುದು ಕೋಟಿಂಗ್ ಇಲ್ಲದ್ದಕ್ಕಿಂತ ಕೆಟ್ಟದ್ದು: ತೇವ ಒಳಗೇ ಉಳಿದು ತಗಡನ್ನು ತಿನ್ನುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೋಟಿಂಗ್ ಮಾಡಿಸಿದ ಮೇಲೆ ಬಾಗಿಲ ಬುಡದ ಮತ್ತು ಅಡಿಯ ತೂತುಗಳು ಮುಚ್ಚಿಹೋಗಿಲ್ಲವೆಂದು ನೀವೇ ನೋಡಿಕೊಳ್ಳಿ.

ರಸ್ತೆಯಲ್ಲಿ ನೀರು ನಿಂತಿದ್ದರೆ

ತೋಡು ಉಕ್ಕಿ ರಸ್ತೆಗೆ ಬಂದಾಗ ನೀರು ಟಯರಿನ ಅರ್ಧಕ್ಕಿಂತ ಮೇಲಿದ್ದರೆ ಇಳಿಯಬಾರದು. ಹರಿಯುವ ನೀರಾದರೆ ಅದಕ್ಕಿಂತ ಕಡಿಮೆಯಿದ್ದರೂ ಬೇಡ. ಸೈಲೆನ್ಸರಿನಿಂದ ನೀರು ಹೋಗಿ ಎಂಜಿನ್ ಹಾಳಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜವಾದ ಅಪಾಯ ಮುಂದೆ, ಏರ್ ಫಿಲ್ಟರಿಗೆ ಗಾಳಿ ಎಳೆಯುವ ಬಾಯಿಯಲ್ಲಿದೆ. ಅಲ್ಲಿಂದ ನೀರು ಸಿಲಿಂಡರಿಗೆ ಹೋದರೆ ಪಿಸ್ಟನ್ ಅದನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ತಳ್ಳಿ ಹೊರಗೆ ತನ್ನಿ. ಏರ್ ಫಿಲ್ಟರ್ ಒದ್ದೆಯಾಗಿದ್ದರೆ, ಅಥವಾ ಎಣ್ಣೆಯ ಕಡ್ಡಿ ಎಳೆದಾಗ ಎಣ್ಣೆ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ಕಾರು ಗ್ಯಾರೇಜಿಗೆ ಟೋ ಆಗಿಯೇ ಹೋಗಬೇಕು. ನಿಂತ ನೀರಿನಲ್ಲಿ ಮತ್ತೆ ಸ್ಟಾರ್ಟ್ ಮಾಡಿ ಕೆಟ್ಟ ಎಂಜಿನ್ನಿಗೆ ಸಾಮಾನ್ಯ ವಿಮೆಯಲ್ಲಿ ಹಣ ಸಿಗುವುದು ಕಷ್ಟ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದೆಯೇ, ಅದರ ಷರತ್ತೇನು ಎಂದು ಪಾಲಿಸಿ ತೆರೆದು ನೋಡಿಕೊಳ್ಳಿ.

ನೀರು ದಾಟಿ ಬಂದ ಮೇಲೆ ನಿಧಾನ ಓಡಿಸುತ್ತಾ ಬ್ರೇಕನ್ನು ಮೂರು ನಾಲ್ಕು ಸಲ ಮೆಲ್ಲ ಒತ್ತಿ ಬಿಡಿ. ಒದ್ದೆಯಾದ ಪ್ಯಾಡ್, ಲೈನರ್ ಆ ಕಾವಿಗೆ ಒಣಗುತ್ತವೆ.

ಹಳೆ ಎಣ್ಣೆ, ಕೂಲಂಟ್, ಬ್ಯಾಟರಿ

ಮನೆಯಲ್ಲಿ ಕೆಲಸ ಮಾಡಿದಾಗ ಉಳಿಯುವ ಕೊಳೆಯ ಜವಾಬ್ದಾರಿಯೂ ಮನೆಯವರದ್ದೇ. ನಮ್ಮ ಮುರಕಲ್ಲು ತೂತುತೂತಾದ ಕಲ್ಲು. ಅಂಗಳಕ್ಕೆ ಚೆಲ್ಲಿದ್ದು ಮಳೆಯೊಡನೆ ಇಳಿದು ಬಾವಿಗೂ, ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರಿಗೂ ಸೇರಬಹುದು. ಬೇಳ, ಪೆರ್ಲ, ಎಣ್ಮಕಜೆಯ ಕಡೆ ಎಷ್ಟೋ ಮನೆಗಳು ಕುಡಿಯುವುದು ಆ ಸುರಂಗದ ನೀರನ್ನೇ. ಹಳೆ ಎಂಜಿನ್ ಎಣ್ಣೆಯನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆ ಎಣ್ಣೆ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಿ. ಸೌದೆಗೆ, ಬೇಲಿ ಗೂಟಕ್ಕೆ ಸವರುವುದು ಬೇಡ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ದನ ನೆಕ್ಕುತ್ತವೆ, ಅದು ಅವಕ್ಕೆ ವಿಷ. ಚೆಲ್ಲಿದ ಕೂಡಲೇ ಒಣ ಮರಳೋ ಮರದ ಹುಡಿಯೋ ಹಾಕಿ ಹೀರಿಸಿ ಗೋರಿ ತೆಗೆಯಿರಿ. ಹಳೆ ಬ್ಯಾಟರಿಯಲ್ಲಿ ಸೀಸ ಮತ್ತು ಆಮ್ಲ ಇದೆ. ಹೊಸದನ್ನು ಕೊಳ್ಳುವ ಅಂಗಡಿಯವರೇ ಅದನ್ನು ಹಿಂದಕ್ಕೆ ತೆಗೆದುಕೊಂಡು ಬೆಲೆಯಲ್ಲಿ ಕಡಿತ ಕೊಡುತ್ತಾರೆ. ಕೊಂಡುಹೋಗುವಾಗ ನೆಟ್ಟಗೆ ನಿಲ್ಲಿಸಿ, ಟರ್ಮಿನಲ್‌ಗಳಿಗೆ ಬಟ್ಟೆ ಸುತ್ತಿ ಒಯ್ಯಿರಿ.